ಬಿ.ಎ.ಗೆ ಸಣ್ಣ ಕಾಲೇಜು ನೋಡೋಕೆ ಹೋದಾಗ ಮೊದಲು ಏನೇನು ಗಮನಿಸಬೇಕು? (ಹಾಸನ, ಚಿಕ್ಕಮಗಳೂರು)

ಹೇಮಾವತಿ ತೀರ

ಎಲ್ಲರಿಗೂ ನಮಸ್ಕಾರ. ಮಗಳು ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿ ಪಾಸಾಗಿದ್ದಾಳೆ. ಬಿ.ಎ. ಓದಬೇಕು ಅನ್ನೋದು ಅವಳದೇ ತೀರ್ಮಾನ, ಮನೆಯಲ್ಲೂ ಎಲ್ಲರ ಒಪ್ಪಿಗೆ ಇದೆ. ನಮ್ಮದು ಆಲೂರು ತಾಲ್ಲೂಕು. ಸಾವಿರಾರು ಮಕ್ಕಳಿರೋ ಕಾಲೇಜು ಬೇಡ, ಮೇಷ್ಟ್ರಿಗೆ ಮಕ್ಕಳ ಹೆಸರು ಗೊತ್ತಿರೋವಷ್ಟು ಸಣ್ಣದು ಸಾಕು ಅಂತ ಹಾಸನದಲ್ಲಿ ಎರಡು, ಚಿಕ್ಕಮಗಳೂರಿನಲ್ಲಿ ಎರಡು ಕಾಲೇಜು ಗುರುತು ಮಾಡಿಟ್ಟುಕೊಂಡಿದ್ದೇವೆ. ಪ್ರತಿಯೊಂದಕ್ಕೂ ಅರ್ಧ ದಿನ ಕೊಡಬಹುದು.

ಕಮಾನು, ಹೂವಿನ ಕುಂಡ, ಹೊಸ ಬಣ್ಣ ನೋಡಿ ಮರುಳಾಗಬಾರದು ಅಂತ ಎಲ್ಲರೂ ಹೇಳ್ತಾರೆ. ಹಾಗಾದರೆ ಮೊದಲ ನೋಟಕ್ಕೆ ಬೆಲೆಯೇ ಇಲ್ಲವಾ? ಯಾವ ದಿನ, ಎಷ್ಟು ಹೊತ್ತಿಗೆ ಹೋಗಬೇಕು, ಎಲ್ಲೆಲ್ಲಿ ಕಣ್ಣು ಹಾಯಿಸಬೇಕು, ಯಾರನ್ನ ಏನು ಕೇಳಬೇಕು? ಚಿಕ್ಕಮಗಳೂರಾದರೆ ಹಾಸ್ಟೆಲ್ ಬೇಕೇ ಬೇಕು. ಅವಳಿಗೆ ಮನಃಶಾಸ್ತ್ರ, ಭೂಗೋಳ ಎರಡರ ಮೇಲೂ ಆಸೆ. ಕಾಲೇಜಿನ ಒಳಗಿನ ವಿಚಾರ ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಿ.

ಮೂರನೇ ಪೀರಿಯಡ್

ಮೊದಲ ನೋಟಕ್ಕೆ ಬೆಲೆ ಖಂಡಿತ ಇದೆ ಸರ್, ಆದರೆ ಆ ನೋಟ ಎಲ್ಲಿ ಬೀಳುತ್ತೆ ಅನ್ನೋದರ ಮೇಲೆ. ಅಡ್ಮಿಷನ್ ಕೌಂಟರ್ ಎದುರು ನಿಂತರೆ ಎಲ್ಲ ಕಾಲೇಜೂ ಒಂದೇ ಥರ. ಬೆಳಗ್ಗೆ ಮೂರನೇ ಪೀರಿಯಡ್ ನಡೆಯೋ ಹೊತ್ತಿಗೆ ಕಾರಿಡಾರಿನಲ್ಲಿ ನಡೆದುಕೊಂಡು ಹೋದರೆ ನಾಲ್ಕು ಕಾಲೇಜು ನಾಲ್ಕು ಥರ ಕಾಣುತ್ತವೆ.

ದಿನ: ಮಂಗಳವಾರದಿಂದ ಗುರುವಾರದ ಒಳಗೆ ಇಟ್ಟುಕೊಳ್ಳಿ. ಸೋಮವಾರ ಊರಿಂದ ಬರೋ ಮಕ್ಕಳು ತಡ, ಶನಿವಾರ ಅರ್ಧ ದಿನ. ಹಿಂದಿನ ದಿನ ಆಫೀಸಿಗೆ ಫೋನ್ ಮಾಡಿ "ನಾಳೆ ಸೆಮಿಸ್ಟರ್ ತರಗತಿ ನಡೀತವಾ, ಪರೀಕ್ಷೆ ಏನಾದ್ರೂ ಇದೆಯಾ" ಅಂತ ಕೇಳಿಕೊಳ್ಳಿ. ಅಡ್ಮಿಷನ್ ಶುರುವಾಗೋ ಸಮಯದಲ್ಲಿ ಸೀನಿಯರ್‌ಗಳಿಗೆ ಸಮ ಸೆಮಿಸ್ಟರ್‌ನ ಕೊನೆ ಪಾಠಗಳೋ ಪರೀಕ್ಷೆಯೋ ನಡೀತಿರುತ್ತೆ. ಪರೀಕ್ಷೆ ಇದ್ದರೆ ಅವತ್ತು ಹೋಗಿ ಪ್ರಯೋಜನವಿಲ್ಲ, ತರಗತಿ ಇರೋ ದಿನ ಹುಡುಕಿ. ಹತ್ತೂವರೆಗೆ ಒಳಗಿದ್ದರೆ ಒಂದೂವರೆಗೆ ಎಲ್ಲ ಮುಗಿಯುತ್ತೆ.

ಹೋದ ಕೂಡಲೇ ಪ್ರಿನ್ಸಿಪಾಲರ ಕೋಣೆಗೆ ಹೋಗಬೇಡಿ. ಮೊದಲು ನೋಟಿಸ್ ಬೋರ್ಡ್. ಅಲ್ಲಿ ವೇಳಾಪಟ್ಟಿ ಇರುತ್ತೆ, ಮೊಬೈಲಲ್ಲಿ ಫೋಟೋ ತೆಗೆದುಕೊಳ್ಳಿ. ಆ ಹೊತ್ತಿನ ಪೀರಿಯಡ್‌ಗೆ ಯಾವ ಯಾವ ಕೋಣೆಯಲ್ಲಿ ಯಾವ ಪಾಠ ಅಂತ ಬರೆದಿದೆಯೋ ನೋಡಿ, ಅದರಂತೆ ಕಾರಿಡಾರಿನಲ್ಲಿ ಒಂದು ಸುತ್ತು ಬನ್ನಿ. ಪಟ್ಟಿಯಲ್ಲಿ ಎಂಟು ತರಗತಿ ಇದ್ದು ಆರು ನಡೀತಿದ್ದರೆ ಕಾಲೇಜು ಸರಿಯಾಗಿ ನಡೀತಿದೆ. ಎರಡೋ ಮೂರೋ ನಡೀತಿದ್ದರೆ ಕಾರಣ ಏನು ಅಂತ ತಿಳಿದುಕೊಳ್ಳಬೇಕು. ಖಾಲಿ ಕೋಣೆಯಲ್ಲೂ ಮೂರು ಬಗೆ ಇದೆ:

– ಮಕ್ಕಳು ಕೂತಿದ್ದಾರೆ, ಮೇಷ್ಟ್ರಿಲ್ಲ: ಹುದ್ದೆ ಖಾಲಿ ಇದೆ, ಅಥವಾ ಇರೋರನ್ನ ಮೌಲ್ಯಮಾಪನಕ್ಕೋ ಬೇರೆ ಕೆಲಸಕ್ಕೋ ಕಳಿಸಿದ್ದಾರೆ.
– ಮೇಷ್ಟ್ರಿದ್ದಾರೆ, ಮಕ್ಕಳು ನಾಲ್ಕೇ ಜನ: ಹಾಜರಾತಿ ಬಿಗಿ ಇಲ್ಲ. ಪರೀಕ್ಷೆಗೆ ಕೂರಲು ಶೇ. 75 ಹಾಜರಾತಿ ಬೇಕು ಅನ್ನೋ ನಿಯಮ ಪುಸ್ತಕದಲ್ಲಷ್ಟೇ ಇದೆ ಅಂತ ಅರ್ಥ.
– ಇಬ್ಬರೂ ಇಲ್ಲ: ವೇಳಾಪಟ್ಟಿಯೇ ಹಳೇದು. ಇದು ಎಲ್ಲಕ್ಕಿಂತ ಕೆಟ್ಟದ್ದು.

ಅತಿಥಿ ಉಪನ್ಯಾಸಕರ ವಿಚಾರ ಬಿಡಿಸಿ ಹೇಳಬೇಕು. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಅವರ ಹೆಗಲ ಮೇಲಿದೆ. ಅವರಲ್ಲಿ ಬಹಳ ಜನ ತುಂಬ ಚೆನ್ನಾಗಿ ಪಾಠ ಮಾಡ್ತಾರೆ, ಅದರಲ್ಲಿ ಅನುಮಾನ ಬೇಡ. ತೊಂದರೆ ಇರೋದು ನೇಮಕದ ಕ್ರಮದಲ್ಲಿ. ಅವಧಿ ಮುಗಿದಾಗ ಬಿಡುಗಡೆ, ಮತ್ತೆ ಆಯ್ಕೆ. ಇದು ತಡವಾದರೆ ಸೆಮಿಸ್ಟರ್‌ನ ಮೊದಲ ವಾರಗಳಲ್ಲಿ ಆ ವಿಷಯದ ಪಾಠವೇ ಇರಲ್ಲ. ಆಮೇಲೆ ಉಳಿದ ದಿನಗಳಲ್ಲಿ ಐದು ಘಟಕ ಓಡಿಸ್ತಾರೆ. ಅದಕ್ಕೆ "ಎಷ್ಟು ಜನ ಸ್ಟಾಫ್ ಇದ್ದಾರೆ" ಅಂತ ಕೇಳಬೇಡಿ. "ಭೂಗೋಳಕ್ಕೆ ಖಾಯಂ ಯಾರು, ಅತಿಥಿ ಯಾರು, ಹೋದ ಸೆಮಿಸ್ಟರ್‌ನಲ್ಲಿ ಪಾಠ ಯಾವ ತಿಂಗಳು ಶುರುವಾಯ್ತು" ಅಂತ ವಿಷಯ ಹಿಡಿದು ಕೇಳಿ. ಅನುದಾನಿತ ಖಾಸಗಿ ಕಾಲೇಜಿನಲ್ಲೂ ಇದೇ ಪ್ರಶ್ನೆ ಕೇಳಬೇಕು. ಅಲ್ಲಿ ನಿವೃತ್ತರಾದವರ ಜಾಗ ತುಂಬದೆ ಆಡಳಿತ ಮಂಡಳಿಯೇ ಸಂಬಳ ಕೊಟ್ಟು ಇಟ್ಟುಕೊಂಡಿರುತ್ತೆ. ಕಡಿಮೆ ಸಂಬಳಕ್ಕೆ ಬಂದವರು ವರ್ಷದ ಮಧ್ಯೆ ಬಿಟ್ಟು ಹೋಗೋದು ಸಾಮಾನ್ಯ.

ಇನ್ನು ಕಾಂಬಿನೇಷನ್. 2024–25ರಿಂದ ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿ ಕೈಬಿಟ್ಟು ಮತ್ತೆ ಮೂರು ವರ್ಷ, ಮೂರು ಮುಖ್ಯ ವಿಷಯದ ಪದ್ಧತಿ ಬಂದಿದೆ. ಎಚ್‌ಇಪಿ, ಎಚ್‌ಇಎಸ್, ಎಚ್‌ಇಕೆ (ಇತಿಹಾಸ, ಅರ್ಥಶಾಸ್ತ್ರದ ಜೊತೆ ಕ್ರಮವಾಗಿ ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಕನ್ನಡ) ಬಹುತೇಕ ಕಡೆ ಸಿಗುತ್ತೆ. ಮನಃಶಾಸ್ತ್ರ, ಭೂಗೋಳ, ಪತ್ರಿಕೋದ್ಯಮ ಹಾಗಲ್ಲ. ಪ್ರಾಸ್ಪೆಕ್ಟಸ್‌ನಲ್ಲಿ ಅಚ್ಚಾಗಿದೆ ಅಂದ ಮಾತ್ರಕ್ಕೆ ನಡೀತಿದೆ ಅಂತಲ್ಲ. "ಹೋದ ವರ್ಷ ಈ ಕಾಂಬಿನೇಷನ್‌ಗೆ ಎಷ್ಟು ಜನ ಸೇರಿದರು, ಈಗ ಎರಡನೇ ವರ್ಷದಲ್ಲಿ ಎಷ್ಟು ಜನ ಇದ್ದಾರೆ" ಅಂತ ಕೇಳಿ. ಐದಾರು ಜನ ಮಾತ್ರ ಸೇರಿದರೆ ಕೆಲವು ವಾರ ಕಳೆದ ಮೇಲೆ "ಎಚ್‌ಇಎಸ್‌ಗೆ ಬದಲಾಯಿಸಿಕೊಳ್ಳಿ" ಅನ್ನೋ ಸಾಧ್ಯತೆ ಇದೆ. ಅಷ್ಟರಲ್ಲಿ ಬೇರೆ ಕಾಲೇಜಿನ ಬಾಗಿಲು ಮುಚ್ಚಿರುತ್ತೆ.

ಕೊನೆಯದಾಗಿ, ಎರಡು ಜಿಲ್ಲೆ ಅಂದರೆ ಎರಡು ವಿಶ್ವವಿದ್ಯಾಲಯ. ಚಿಕ್ಕಮಗಳೂರಿನ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಹಾಸನದವು ಮೊದಲಿಂದ ಮೈಸೂರು ವಿಶ್ವವಿದ್ಯಾಲಯದ ಕೆಳಗಿದ್ದವು. ಆಮೇಲೆ ಹೇಮಗಂಗೋತ್ರಿ ಸ್ನಾತಕೋತ್ತರ ಕೇಂದ್ರವನ್ನೇ ಹಾಸನ ವಿಶ್ವವಿದ್ಯಾಲಯ ಮಾಡಿದರು. ಪಠ್ಯಕ್ರಮ ಬೇರೆ ಬೇರೆ ಆಗಿರೋದರಿಂದ ನಡುವೆ ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಬದಲಾಗೋದು ಕಷ್ಟ. ಈಗ ಸೇರೋ ಮಗುವಿನ ಅಂಕಪಟ್ಟಿ, ಪದವಿ ಪ್ರಮಾಣಪತ್ರ ಯಾವ ವಿಶ್ವವಿದ್ಯಾಲಯದ ಹೆಸರಲ್ಲಿ ಬರುತ್ತೆ ಅಂತ ಆಫೀಸಿನಲ್ಲಿ ನೇರವಾಗಿ ಕೇಳಿಬಿಡಿ.

ಕಾಲ್ ನಂಬರ್ 894

ಮೇಲಿನವರು ತರಗತಿ ಬಗ್ಗೆ ಹೇಳಿದ್ದು ಸರಿ. ನಾನು ಗ್ರಂಥಾಲಯದ ಬಗ್ಗೆ ಮಾತ್ರ ಬರೀತೀನಿ. ಬಿ.ಎ. ಓದೋರಿಗೆ ಲ್ಯಾಬ್‌ಗಿಂತ ಇದೇ ದೊಡ್ಡದು.

ಬಾಗಿಲಲ್ಲಿ ನಿಂತ ಕೂಡಲೇ ಮೂಗಿಗೆ ಗೊತ್ತಾಗುತ್ತೆ. ನಮ್ಮ ಕಡೆ ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯೋದು ಸಹಜ, ಆದರೆ ಹಿಡಿದ ಬೂಷ್ಟನ್ನ ಒರೆಸದೆ ಬಿಟ್ಟಿರೋದು ಅಸಡ್ಡೆ. ಕಪಾಟು ಗೋಡೆಗೆ ಅಂಟಿಕೊಂಡಿದೆಯಾ, ಅರ್ಧ ಅಡಿಯಾದರೂ ಬಿಟ್ಟು ನಿಲ್ಲಿಸಿದ್ದಾರಾ ನೋಡಿ. ಗೋಡೆಯ ತೇವ ಮೊದಲು ಬರೋದು ಹಿಂದಿನ ಸಾಲಿಗೆ. ಎಲ್ಲಕ್ಕಿಂತ ಕೆಳಗಿನ ತಟ್ಟೆಯಿಂದ ಒಂದು ಪುಸ್ತಕ ಎಳೆದು ಬೆನ್ನು ಮುಟ್ಟಿ ನೋಡಿ. ಅಂಟಂಟಾಗಿದ್ದರೆ ಅಲ್ಲಿ ಗಾಳಿ ಆಡ್ತಿಲ್ಲ.

ಆಮೇಲೆ ಮಗಳಿಗೆ ಬೇಕಾದ ವಿಷಯದ ಸಾಲಿಗೆ ಹೋಗಿ. ವಿಷಯಕ್ಕೊಂದು ಸಂಖ್ಯೆ ಕೊಡೋ ಡ್ಯೂಯಿ ಪದ್ಧತಿಯಲ್ಲಿ ಜೋಡಿಸಿದ್ದರೆ ಮನಃಶಾಸ್ತ್ರ 150, ರಾಜ್ಯಶಾಸ್ತ್ರ 320, ಅರ್ಥಶಾಸ್ತ್ರ 330, ಭೂಗೋಳ 910, ಭಾರತದ ಇತಿಹಾಸ 954, ಕನ್ನಡ ಸಾಹಿತ್ಯ 894.814. ಬೆನ್ನಿನ ಮೇಲಿನ ಚೀಟಿಯಲ್ಲಿ ಈ ಸಂಖ್ಯೆ ಇರುತ್ತೆ. ಮನಸ್ಸಿಗೆ ಬಂದ ಐದಾರು ಪುಸ್ತಕ ತೆಗೆದು ಕೊನೆ ಹಾಳೆಗೆ ಅಂಟಿಸಿರೋ ವಾಪಸಾತಿ ದಿನಾಂಕದ ಚೀಟಿ ನೋಡಿ. ಈ ವರ್ಷದ, ಹೋದ ವರ್ಷದ ಮೊಹರುಗಳು ಸಾಲಾಗಿ ಬಿದ್ದಿದ್ದರೆ ಮಕ್ಕಳು ತಗೊಂಡು ಹೋಗ್ತಿದ್ದಾರೆ. ಮೊಹರೇ ಇಲ್ಲದ, ಪುಟಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿರೋ ಹೊಸ ಪುಸ್ತಕಗಳ ಸಾಲು ಕಂಡರೆ ಅದು ತಪಾಸಣೆಗೆ ಬರೋರಿಗೆ ತೋರಿಸೋಕೆ ಕೊಂಡದ್ದು. ಎರವಲು ಕಂಪ್ಯೂಟರ್‌ನಲ್ಲಿ ನಡೆಯೋ ಕಡೆ ಚೀಟಿ ಖಾಲಿ ಇರಬಹುದು. ಆಗ "ಈ ವಿಷಯದಲ್ಲಿ ಈ ತಿಂಗಳು ಎಷ್ಟು ಪುಸ್ತಕ ಹೊರಗೆ ಹೋಗಿದೆ" ಅಂತ ಕೇಳಿದರೆ ತೆರೆಯ ಮೇಲೇ ತೋರಿಸ್ತಾರೆ.

ಕಪಾಟಿಗೆ ಬೀಗ ಹಾಕಿ, ಚೀಟಿ ಬರೆದುಕೊಟ್ಟರೆ ಒಳಗಿಂದ ತಂದು ಕೊಡೋ ಪದ್ಧತಿ ಕೆಲವು ಸಣ್ಣ ಕಾಲೇಜಿನಲ್ಲಿ ಇನ್ನೂ ಇದೆ. ಹಾಗಿದ್ದರೆ ಮಗು ಹೆಸರು ಗೊತ್ತಿರೋ ಪುಸ್ತಕವನ್ನ ಮಾತ್ರ ಓದುತ್ತೆ. ಪಕ್ಕದಲ್ಲಿದ್ದ ಇನ್ನೊಂದು ಕಣ್ಣಿಗೇ ಬೀಳಲ್ಲ. ನನ್ನ ದೃಷ್ಟಿಯಲ್ಲಿ ಇದು ದೊಡ್ಡ ಕೊರತೆ.

ಒಂದು ಪರೀಕ್ಷೆ ಹೇಳ್ತೀನಿ. ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯ ಕರ್ನಾಟಿಕ ಇದೆಯಾ ಅಂತ ಕೇಳಿ. ಬಿ.ಎಲ್. ರೈಸ್ ಹೊರತಂದ ಹಳೇ ಮಾಲೆಯಲ್ಲಿ ಐದನೇ ಸಂಪುಟ ಹಾಸನ ಜಿಲ್ಲೆಯದು, ಆರನೆಯದು ಆಗಿನ ಕಡೂರು ಜಿಲ್ಲೆ, ಅಂದರೆ ಇವತ್ತಿನ ಚಿಕ್ಕಮಗಳೂರು. ನಮ್ಮ ಊರುಗಳ ಬಹಳಷ್ಟು ಶಾಸನಗಳು ಅದರಲ್ಲಿವೆ. ಸಣ್ಣ ಕಾಲೇಜಿನಲ್ಲಿ ಇಲ್ಲದಿದ್ದರೆ ತಪ್ಪೇನಲ್ಲ, ಬೆಲೆ ಜಾಸ್ತಿ. ಆದರೆ ಹೆಸರು ಹೇಳಿದಾಗ ಗ್ರಂಥಪಾಲಕರು ಅಥವಾ ಇತಿಹಾಸ ವಿಭಾಗದವರು ಏನು ಉತ್ತರ ಕೊಡ್ತಾರೆ ಅಂತ ಗಮನಿಸಿ. "ನಮ್ಮಲ್ಲಿಲ್ಲ, ಇಂಥ ಕಡೆ ಸಿಗುತ್ತೆ" ಅಂದರೂ ಒಳ್ಳೆ ಜಾಗವೇ.

ಬೇಗ ಕೇಳಿ ಮುಗಿಸಬೇಕಾದವು: ಒಂದು ಸಲಕ್ಕೆ ಎಷ್ಟು ಪುಸ್ತಕ, ಎಷ್ಟು ದಿನಕ್ಕೆ? ತರಗತಿ ಮುಗಿದ ಮೇಲೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತೆ? ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಹೊಲಿದು ಇಟ್ಟಿದ್ದಾರಾ? ಎನ್-ಲಿಸ್ಟ್ ಚಂದಾ ಈ ವರ್ಷ ಕಟ್ಟಿದ್ದಾರಾ? ಇದು ಕಾಲೇಜುಗಳಿಗೆ ಇ-ಪುಸ್ತಕ, ಇ-ಜರ್ನಲ್ ಒದಗಿಸೋ ಕೇಂದ್ರದ ಯೋಜನೆ, ವಿದ್ಯಾರ್ಥಿಗೂ ಪ್ರತ್ಯೇಕ ಲಾಗಿನ್ ಕೊಡಬಹುದು. ಎಷ್ಟೋ ಕಡೆ ಚಂದಾ ಕಟ್ಟಿರ್ತಾರೆ, ಲಾಗಿನ್ ಮಾತ್ರ ಮಕ್ಕಳ ಕೈಗೆ ಸೇರಿರಲ್ಲ. ಅಲ್ಲೇ ಓದ್ತಾ ಕೂತ ಒಬ್ಬ ವಿದ್ಯಾರ್ಥಿಯನ್ನ ಕೇಳಿದರೆ ತಿಳಿಯುತ್ತೆ. ಓದ್ತಾ ಕೂತೋರು ಯಾರೂ ಇಲ್ಲದಿದ್ದರೆ ಅದೂ ಒಂದು ಉತ್ತರವೇ.

ಗಿರಿಯ ತಪ್ಪಲು

ಚಿಕ್ಕಮಗಳೂರು ಅಂದಿದ್ದಕ್ಕೆ ಹಾಸ್ಟೆಲ್ ವಿಚಾರ ಹೇಳ್ತೀನಿ. ಏಪ್ರಿಲ್–ಮೇನಲ್ಲಿ ಬಂದು ನೋಡಿದರೆ ಎಲ್ಲ ಹಾಸ್ಟೆಲ್ಲೂ ಚೆಂದ. ಮಗು ಅಲ್ಲಿ ಇರೋದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯೋ ಮಳೆಯಲ್ಲಿ. ಬಿಸಿಲಲ್ಲಿ ನಿಂತು ಮಳೆಗಾಲ ಹೇಗಿರುತ್ತೆ ಅಂತ ಲೆಕ್ಕ ಹಾಕಬೇಕು.

ಬಿಸಿನೀರು: ಚಾವಣಿ ಮೇಲೆ ಸೋಲಾರ್ ಇದೆ ಅಂತ ತೋರಿಸ್ತಾರೆ. ಜುಲೈನಲ್ಲಿ ವಾರಗಟ್ಟಲೆ ಮೋಡ, ಸೋಲಾರ್ ನೀರು ಬರೀ ಉಗುರುಬೆಚ್ಚಗೆ. "ಮಳೆಗಾಲಕ್ಕೆ ಏನು ವ್ಯವಸ್ಥೆ" ಅಂತ ಕೇಳಿ. ಟ್ಯಾಂಕಿನೊಳಗೆ ಕರೆಂಟಿನ ಕಾಯಿಲ್ ಇದೆಯೋ, ಸೌದೆ ಬಾಯ್ಲರ್ ಇದೆಯೋ, ಹಂಡೆಯೋ, ಏನಾದರೂ ಒಂದು ಇರಲೇಬೇಕು. ಸೌದೆ ಬಾಯ್ಲರ್ ಆದರೆ ಸೌದೆ ಒಣಗಿದ ಜಾಗದಲ್ಲಿ ಜೋಡಿಸಿದ್ದಾರಾ ಅಂತ ಹಿತ್ತಲಿಗೆ ಹೋಗಿ ನೋಡಿ.

ಬಟ್ಟೆ ಒಣಗಿಸೋದು: ಇದನ್ನ ಯಾರೂ ಕೇಳಲ್ಲ, ಮಕ್ಕಳು ಹೆಚ್ಚು ಒದ್ದಾಡೋದು ಇದಕ್ಕೇ. ಟೆರೇಸ್ ಮೇಲೆ ಶೀಟ್ ಹಾಕಿ ಸುತ್ತ ಗಾಳಿಯಾಡೋ ಹಾಗೆ ಬಿಟ್ಟಿದ್ದರೆ ಸರಿ. ಅದಿಲ್ಲದಿದ್ದರೆ ಒದ್ದೆ ಬಟ್ಟೆಯೆಲ್ಲ ಮಂಚದ ಕಂಬಿ ಮೇಲೆ, ಕಿಟಕಿ ಮೇಲೆ. ಕೋಣೆ ಪೂರ್ತಿ ತೇವ, ಹಾಸಿಗೆಗೆ ಬೂಷ್ಟು, ಆಮೇಲೆ ಶೀತ, ಚರ್ಮದ ತುರಿಕೆ. ಖಾಲಿ ಕೋಣೆಯಲ್ಲಿ ಹಾಸಿಗೆ ಎತ್ತಿ ಅಡಿಭಾಗ ನೋಡಿ. ಕಪ್ಪು ಚುಕ್ಕೆ ಇದ್ದರೆ ಹೋದ ಮಳೆಗಾಲ ಹೇಗಿತ್ತು ಅಂತ ಅದೇ ಹೇಳುತ್ತೆ. ಗೋಡೆ ಮತ್ತು ತಾರಸಿ ಸೇರೋ ಮೂಲೆಗಳನ್ನೂ ನೋಡಿ. ಹೊಸ ಸುಣ್ಣ ಹೊಡೆದಿದ್ದರೂ ಹಳೇ ಸೋರಿಕೆಯ ಜಾಗದಲ್ಲಿ ಬಣ್ಣ ಉಬ್ಬಿಕೊಂಡು ಹಪ್ಪಳೆ ಏಳುತ್ತೆ.

ತರಗತಿ ಕೋಣೆಗೂ ಇದೇ ಲೆಕ್ಕ. ತಗಡಿನ ಶೀಟ್ ಚಾವಣಿ ಕೆಳಗೆ ಪಾಠ ನಡೆಯೋ ಕಟ್ಟಡವಾದರೆ, ಜೋರು ಮಳೆ ಬಿದ್ದಾಗ ಎರಡನೇ ಬೆಂಚಿಗೂ ಮಾತು ಕೇಳಲ್ಲ. ಒಳಗೆ ಫಾಲ್ಸ್ ಸೀಲಿಂಗ್ ಇದ್ದರೆ ಸ್ವಲ್ಪ ವಾಸಿ. ಹಂಚಿನ ಹಳೇ ಕಟ್ಟಡದಲ್ಲಿ ಈ ಗೋಳಿಲ್ಲ.

ಶೌಚಾಲಯ: ಹತ್ತು ಜನಕ್ಕೆ ಒಂದಾದರೂ ಇರಬೇಕು. ಎಣಿಸುವಾಗ ಬೀಗ ಹಾಕಿರೋದನ್ನ ಬಿಡಿ. ಒಳಗಿನ ಚಿಲಕ, ನಲ್ಲಿ, ಬಕೆಟ್, ಲೈಟು, ಈ ನಾಲ್ಕನ್ನೂ ಕೈಯಿಂದ ಮುಟ್ಟಿ ನೋಡಿ. ಕಾಲೇಜಿನ ಮಹಿಳಾ ವಿಶ್ರಾಂತಿ ಕೊಠಡಿಗೆ ತಾಯಿ ಅಥವಾ ಮಗಳು ಹೋಗಿ ನೋಡಲಿ. ಪ್ಯಾಡ್ ಹಾಕೋ ಬುಟ್ಟಿಯೋ ಸುಡೋ ಯಂತ್ರವೋ ಇದ್ದು, ಅದನ್ನ ದಿನಾ ಖಾಲಿ ಮಾಡ್ತಾರಾ ಅಂತ ಅಲ್ಲಿ ಕೆಲಸ ಮಾಡೋ ಅಮ್ಮನನ್ನೇ ಕೇಳಬಹುದು.

ಊಟ: ಹನ್ನೆರಡೂವರೆ ಹೊತ್ತಿಗೆ ಅಡುಗೆಮನೆ ಕಡೆ ಹೋಗಿ. ಕುಡಿಯೋ ನೀರಿನ ಫಿಲ್ಟರ್ ಮೇಲೆ ಕೊನೆಯ ಸರ್ವಿಸ್ ದಿನಾಂಕ ಬರೆದಿರುತ್ತೆ, ಓದಿ. ಗೋಡೆ ಮೇಲಿನ ವಾರದ ಪಟ್ಟಿಗೂ ಅವತ್ತು ಬೇಯ್ತಿರೋದಕ್ಕೂ ಹೊಂದಿಕೆ ಇದೆಯಾ ನೋಡಿ.

ಮುಖ್ಯ ಎಚ್ಚರಿಕೆ: ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ (ಬಿಸಿಎಂ) ಹಾಸ್ಟೆಲ್‌ಗಳ ಸೀಟು ಕಾಲೇಜಿನವರ ಕೈಯಲ್ಲಿಲ್ಲ. ಅದಕ್ಕೆ ಬೇರೆ ಆನ್‌ಲೈನ್ ಅರ್ಜಿ, ಬೇರೆ ಆಯ್ಕೆಪಟ್ಟಿ. "ಇಲ್ಲಿ ಸೇರಿ, ಬಿಸಿಎಂ ಹಾಸ್ಟೆಲ್ ಸಿಗುತ್ತೆ" ಅಂತ ಯಾರಾದರೂ ಹೇಳಿದರೆ ಅದು ಭರವಸೆ ಅಲ್ಲ, ಊಹೆ. ತರಗತಿ ಶುರುವಾಗೋದಕ್ಕೂ ಪಟ್ಟಿ ಬರೋದಕ್ಕೂ ನಡುವೆ ವಾರಗಳ ಅಂತರ ಇರುತ್ತೆ. ಅಷ್ಟು ದಿನ ಮಗು ಎಲ್ಲಿರಬೇಕು ಅಂತ ಈಗಲೇ ಯೋಚಿಸಿಡಿ.

ಹೇಮಾವತಿ ತೀರ

ಇಷ್ಟು ವಿವರ ಸಿಗುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಬಟ್ಟೆ ಒಣಗಿಸೋ ವಿಚಾರ ನಮ್ಮ ಪಟ್ಟಿಯಲ್ಲೇ ಇರಲಿಲ್ಲ. ಇನ್ನೆರಡು ಪ್ರಶ್ನೆ. ಮನಃಶಾಸ್ತ್ರ, ಭೂಗೋಳಕ್ಕೆ ಪ್ರಾಕ್ಟಿಕಲ್ ಇದೆಯಲ್ಲ, ಆ ಲ್ಯಾಬ್ ಸರಿ ಇದೆಯಾ ಅಂತ ನಮ್ಮಂಥವರಿಗೆ ಹೇಗೆ ಗೊತ್ತಾಗಬೇಕು? ಅಲ್ಲೇ ಸೀಟು ಹಿಡಿದುಕೊಳ್ಳಿ ಅಂತ ಒತ್ತಾಯ ಮಾಡಿದರೆ ದುಡ್ಡು, ದಾಖಲೆ ಕೊಡಬಹುದಾ?

ಸಮೋನ್ನತಿ ರೇಖೆ

ಲ್ಯಾಬ್ ಪ್ರಶ್ನೆಗೆ ಉತ್ತರ. ಉಪಕರಣದ ಪಟ್ಟಿ ಕೇಳಿ ಪ್ರಯೋಜನ ಇಲ್ಲ, ಎಲ್ಲ ಕಡೆ ಪಟ್ಟಿ ಉದ್ದವೇ ಇರುತ್ತೆ. ಎರಡನೇ ವರ್ಷದ ಮಕ್ಕಳ ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕ ಎರಡು ಮೂರು ಕೇಳಿ ಪಡೆದು ಪಕ್ಕಪಕ್ಕ ಇಟ್ಟು ನೋಡಿ.

ಮನಃಶಾಸ್ತ್ರದಲ್ಲಿ ಕನ್ನಡಿ ಬಿಂಬ ಚಿತ್ರಣದ ಪ್ರಯೋಗ ಸಾಮಾನ್ಯವಾಗಿ ಇರುತ್ತೆ. ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ನಕ್ಷತ್ರಾಕಾರದ ಗೆರೆ ಮೇಲೆ ಕಡ್ಡಿ ಓಡಿಸಬೇಕು. ಹಿಡಿದ ಸಮಯ, ಆದ ತಪ್ಪು ಬರೆದುಕೊಳ್ಳಬೇಕು. ಇದು ಒಬ್ಬೊಬ್ಬರಿಗೆ ಒಂದೊಂದು ಥರ ಬರೋ ಪ್ರಯೋಗ. ಮೂರು ರೆಕಾರ್ಡ್‌ನಲ್ಲೂ ಒಂದೇ ಸಮಯ, ಒಂದೇ ತಪ್ಪಿನ ಸಂಖ್ಯೆ ಇದ್ದರೆ ಪ್ರಯೋಗ ಮಾಡಿಸಿಲ್ಲ, ಬೋರ್ಡ್ ಮೇಲಿನದನ್ನ ನಕಲು ಮಾಡಿಸಿದ್ದಾರೆ. ಮ್ಯೂಲರ್-ಲಾಯರ್ ಭ್ರಮೆಯ (ತುದಿಯ ಬಾಣದ ಗುರುತಿನಿಂದ ಒಂದೇ ಉದ್ದದ ಗೆರೆಗಳು ಉದ್ದ-ಗಿಡ್ಡವಾಗಿ ಕಾಣೋದು) ಪ್ರಯೋಗಕ್ಕೂ ಇದೇ ಮಾತು. ಇಷ್ಟು ನೋಡಿದ ಮೇಲೆ ಕಪಾಟು ನೋಡಿ: ಸ್ಟಾಪ್‌ವಾಚ್ ಓಡುತ್ತಾ, ಮನೋಪರೀಕ್ಷೆಗಳ ಪ್ರಶ್ನಾವಳಿ ಜೊತೆ ಅದರ ಕೈಪಿಡಿ ಇದೆಯಾ? ಕೈಪಿಡಿ ಇಲ್ಲದಿದ್ದರೆ ಅಂಕ ಎಣಿಸಬಹುದೇ ಹೊರತು ಆ ಅಂಕದ ಅರ್ಥ ಹೇಳೋಕಾಗಲ್ಲ.

ಭೂಗೋಳಕ್ಕೆ ಬಂದರೆ, ಮೊದಲು ಸರ್ವೆ ಆಫ್ ಇಂಡಿಯಾದ ಸ್ಥಳಾಕೃತಿ ನಕ್ಷೆ, ಅಂದರೆ ಟೋಪೋಶೀಟ್ ಕೇಳಿ. 1:50,000 ಪ್ರಮಾಣದ್ದು, 2 ಸೆಂ.ಮೀ.ಗೆ 1 ಕಿ.ಮೀ. ಎಂಟು ಹತ್ತು ಶೀಟಾದರೂ ಇರಬೇಕು, ಮಡಚಿ ಮಡಚಿ ಹರಿದಿರಬಾರದು. ಅದರಲ್ಲಿ ನಮ್ಮ ಕಡೆಯದು ಇದೆಯಾ ಅಂತ ಕೇಳಿ. ಚಿಕ್ಕಮಗಳೂರು ಪೇಟೆ, ಬಾಬಾಬುಡನ್‌ಗಿರಿ ಸಾಲು ಬರೋದು 48 ಓ ಸರಣಿಯಲ್ಲಿ. ಮುಳ್ಳಯ್ಯನಗಿರಿ 1,930 ಮೀಟರ್. ಆ ಇಳಿಜಾರಿನಲ್ಲಿ ಸಮೋನ್ನತಿ ರೇಖೆಗಳು (ಒಂದೇ ಎತ್ತರದ ಜಾಗಗಳನ್ನ ಸೇರಿಸೋ ಗೆರೆಗಳು) ಹೇಗೆ ಒತ್ತೊತ್ತಾಗಿ ಬಂದು ಪೇಟೆ ಕಡೆ ಬಿಡಿಸಿಕೊಳ್ಳುತ್ತವೆ ಅಂತ ಕಿಟಕಿಯಿಂದ ಗುಡ್ಡ ತೋರಿಸಿ, ನಕ್ಷೆ ಮೇಲೆ ಬೆರಳಿಟ್ಟು ಕಲಿಸಬಹುದಾದ ಊರು ಇದು. ಇಲ್ಲಿ ಕೂತು ಎಲ್ಲಿಯದೋ ಬಯಲಿನ ಶೀಟ್ ಮಾತ್ರ ಓದಿಸ್ತಿದ್ದರೆ ಬಹಳ ನಷ್ಟ.

ಪ್ರಿಸ್ಮ್ಯಾಟಿಕ್ ದಿಕ್ಸೂಚಿ ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿ. ಒಳಗಿನ ತಟ್ಟೆ ಸರಾಗ ತೇಲಿ ನಿಲ್ಲಬೇಕು. ಅಂಟಿಕೊಂಡಿದ್ದರೆ ತೇವ ಹೊಕ್ಕಿದೆ, ಬಳಸದೆ ಬಹಳ ದಿನ ಆಗಿದೆ. ಟ್ರೇಸಿಂಗ್ ಟೇಬಲ್‌ನ ದೀಪ ಹತ್ತಿಸಿ ನೋಡಿ. ಕಂಪ್ಯೂಟರ್‌ನಲ್ಲಿ ಕ್ಯೂಜಿಐಎಸ್ ಹಾಕಿದ್ದಾರಾ ಕೇಳಿ. ಅದು ನಕ್ಷೆ ಮಾಡೋ ಉಚಿತ ತಂತ್ರಾಂಶ, ದುಡ್ಡಿಲ್ಲ ಅನ್ನೋ ಕಾರಣ ನಡೆಯಲ್ಲ.

ಇನ್ನೊಂದು, ಮಳೆಮಾಪಕ. ಅಂಗಳದಲ್ಲಿ ಇದ್ದರೆ ಎಲ್ಲಿ ನೆಟ್ಟಿದ್ದಾರೆ ಅಂತ ನೋಡಿ. ಸೈಮನ್ಸ್ ಮಾದರಿಯದಾದರೆ ಬಾಯಿಯ ಅಗಲ 127 ಮಿ.ಮೀ., ಅಂಚು ನೆಲದಿಂದ 30 ಸೆಂ.ಮೀ. ಎತ್ತರ. ಹತ್ತಿರದ ಮರ, ಗೋಡೆಯ ಎತ್ತರದ ಎರಡರಷ್ಟಾದರೂ ದೂರ ಇರಬೇಕು. ಮರದ ಕೆಳಗೆ ನೆಟ್ಟಿದ್ದರೆ ಎಲೆಯಿಂದ ತೊಟ್ಟಿಕ್ಕಿದ್ದನ್ನ ಅಳೀತಿದ್ದಾರೆ, ಮಳೆಯನ್ನಲ್ಲ. ಹೋದ ಮಳೆಗಾಲದ ದಾಖಲೆ ಪುಸ್ತಕ ಕೇಳಿ. ದಿನಾ ಬೆಳಗ್ಗೆ ಎಂಟೂವರೆಗೆ ಬರೆದ ಅಂಕಿಗಳು ಬೇರೆ ಬೇರೆ ಮಕ್ಕಳ ಕೈಬರಹದಲ್ಲಿ ಇದ್ದರೆ ಆ ವಿಭಾಗಕ್ಕೆ ಕಣ್ಣುಮುಚ್ಚಿ ಸೇರಿಸಿ.

ಕಚೇರಿ ಕಡತ

ದುಡ್ಡು, ದಾಖಲೆ ವಿಚಾರ ನಾನು ಹೇಳ್ತೀನಿ.

ಅಂಕಪಟ್ಟಿ, ಜಾತಿ ಪ್ರಮಾಣಪತ್ರದ ಮೂಲ ಪ್ರತಿ ಬಿಟ್ಟು ಬರಬೇಡಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ಸೂಚನೆ ಪ್ರಕಾರ ಮೂಲ ಪ್ರತಿಯನ್ನ ನಿಮ್ಮೆದುರೇ ಪರಿಶೀಲಿಸಿ ವಾಪಸ್ ಕೊಡಬೇಕು, ದೃಢೀಕರಿಸಿದ ನಕಲು ಮಾತ್ರ ಇಟ್ಟುಕೊಳ್ಳಬೇಕು. ಅದೇ ಸೂಚನೆಯಲ್ಲಿ ಶುಲ್ಕ ವಾಪಸಾತಿ ಲೆಕ್ಕವೂ ಇದೆ. ಪ್ರವೇಶದ ಕೊನೆ ದಿನಕ್ಕೆ 15 ದಿನ ಅಥವಾ ಹೆಚ್ಚು ಮುಂಚೆ ಸೀಟು ಬಿಟ್ಟರೆ ಪೂರ್ತಿ (ಸಂಸ್ಕರಣೆ ಅಂತ ಶೇ. 5ರವರೆಗೆ, ಹೆಚ್ಚೆಂದರೆ 5,000 ರೂ. ಹಿಡಿಯಬಹುದು), 15 ದಿನದೊಳಗೆ ಆದರೆ ಶೇ. 90, ಕೊನೆ ದಿನ ಮುಗಿದು 15 ದಿನದವರೆಗೆ ಶೇ. 80, 15ರಿಂದ 30 ದಿನದವರೆಗೆ ಶೇ. 50. ಆಮೇಲೆ ಏನೂ ಇಲ್ಲ. ಅದಕ್ಕೆ ದುಡ್ಡು ಕಟ್ಟೋ ಮುಂಚೆ "ಪ್ರವೇಶದ ಕೊನೆ ದಿನ ಯಾವುದು" ಅಂತ ಲಿಖಿತವಾಗಿ ತಿಳಿದುಕೊಳ್ಳಿ. ಕಟ್ಟಿದ ಪ್ರತಿ ರೂಪಾಯಿಗೂ ಬಾಬ್ತು ಬರೆದ ರಸೀದಿ ಇರಬೇಕು. ಬಿಳಿ ಚೀಟಿಯಲ್ಲಿ "ಅಭಿವೃದ್ಧಿ ನಿಧಿ" ಅಂತ ಬರೆದುಕೊಟ್ಟರೆ ಅದು ರಸೀದಿ ಅಲ್ಲ.

ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲ್ ಕೆಲಸ ಯಾರು ನೋಡಿಕೊಳ್ತಾರೆ ಅಂತ ಆಫೀಸಿನಲ್ಲಿ ಕೇಳಿ. ಒಬ್ಬರ ಹೆಸರು ಥಟ್ಟನೆ ಬಂದರೆ ಒಳ್ಳೇದು. ದಾಖಲೆಗಳ ಇ-ದೃಢೀಕರಣ ತಡವಾದರೆ ಅರ್ಜಿ ಅಲ್ಲೇ ನಿಲ್ಲುತ್ತೆ. ಮನೆಯಿಂದ ಹೊರಡೋ ಮುಂಚೆ ಜಾತಿ, ಆದಾಯ ಪ್ರಮಾಣಪತ್ರದ ಮೇಲೆ ಅಚ್ಚಾಗಿರೋ ಆರ್‌ಡಿ ಸಂಖ್ಯೆ ಬರೆದುಕೊಳ್ಳಿ, ಮಗಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಖಾತ್ರಿ ಮಾಡಿಕೊಳ್ಳಿ.

ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯೋ ಸಂಸ್ಥೆ) ಗ್ರೇಡ್ ಬಗ್ಗೆ: ಫಲಕದ ಮೇಲೆ "ಎ" ಅಂತ ದೊಡ್ಡದಾಗಿ ಇರುತ್ತೆ. ಪ್ರಮಾಣಪತ್ರ ನೋಡಿ ಯಾವ ದಿನಾಂಕದವರೆಗೆ ಅಂತ ಓದಿ, ಸಾಮಾನ್ಯವಾಗಿ ಐದು ವರ್ಷ. ಅವಧಿ ಮುಗಿದಿದ್ದರೆ ಅದು ಹಳೇ ಮಾತು. ಗ್ರೇಡ್‌ಗಿಂತ ಕಾಲೇಜಿನ ವೆಬ್‌ಸೈಟಿನಲ್ಲಿರೋ ವಾರ್ಷಿಕ ಗುಣಮಟ್ಟ ವರದಿ ಓದಿ. ಎಷ್ಟು ಮಂಜೂರಾದ ಹುದ್ದೆ, ಎಷ್ಟು ಖಾಯಂ ಅಧ್ಯಾಪಕರು, ಎಷ್ಟು ಮಕ್ಕಳು, ಫಲಿತಾಂಶ ಎಷ್ಟು ಅಂತ ಅವರೇ ಬರೆದಿರ್ತಾರೆ. ಬಾಯಲ್ಲಿ ಹೇಳಿದ್ದಕ್ಕೂ ಅದಕ್ಕೂ ತಾಳೆ ನೋಡಿ.

ರ‍್ಯಾಗಿಂಗ್ ತಡೆ ಫಲಕ ಕಣ್ಣಿಗೆ ಬೀಳೋ ಜಾಗದಲ್ಲಿ ಇರಬೇಕು. ರಾಷ್ಟ್ರೀಯ ಸಹಾಯವಾಣಿ 1800-180-5522. ಸಮಿತಿಯವರ ಹೆಸರು, ಫೋನ್ ನಂಬರ್ ಈಗಿರೋರದ್ದೇನಾ ಅಂತಲೂ ನೋಡಿ.

ಎಚ್‌ಇಪಿ ಕೊನೇ ಬೆಂಚು

ಅಂಕಲ್, ಎಲ್ಲರೂ ಹೇಳಿದ್ದರಲ್ಲಿ ಒಂದು ಬಿಟ್ಟುಹೋಗಿದೆ. ನಿಮ್ಮ ಮಗಳನ್ನ ಅರ್ಧ ಗಂಟೆ ಒಬ್ಬಳೇ ಬಿಡಿ. ಅಪ್ಪ ಪಕ್ಕದಲ್ಲಿದ್ದರೆ ಸೀನಿಯರ್‌ಗಳು "ಚೆನ್ನಾಗಿದೆ ಅಂಕಲ್" ಅಂತಷ್ಟೇ ಹೇಳ್ತಾರೆ. ಅವಳೇ ಕ್ಯಾಂಟೀನ್ ಹತ್ತಿರ ಅಥವಾ ಬಸ್ ಸ್ಟಾಪಿನಲ್ಲಿ ಎರಡನೇ ವರ್ಷದವರ ಜೊತೆ ಮಾತಾಡಲಿ. ಮೊದಲ ವರ್ಷದವರಿಗೆ ಇನ್ನೂ ಗೊತ್ತಿರಲ್ಲ, ಕೊನೆ ವರ್ಷದವರಿಗೆ ಪರೀಕ್ಷೆ ತಲೆಬಿಸಿ.

"ಕಾಲೇಜು ಹೇಗಿದೆ" ಅಂತ ಕೇಳಿದರೆ ಏನೂ ತಿಳಿಯಲ್ಲ. "ಹೋದ ವಾರ ಸೈಕಾಲಜಿ ಎಷ್ಟು ಕ್ಲಾಸ್ ಆಯ್ತು? ಇಂಟರ್ನಲ್ಸ್‌ಗೆ ನಿಜವಾಗಿ ಟೆಸ್ಟ್ ಬರೀತೀರಾ, ಪೇಪರ್ ತಿದ್ದಿ ವಾಪಸ್ ಕೊಡ್ತಾರಾ? ನೋಟ್ಸ್ ಡಿಕ್ಟೇಟ್ ಮಾಡ್ತಾರೋ, ಪಾಠ ಮಾಡ್ತಾರೋ? ಕನ್ನಡ ಮಾಧ್ಯಮದಲ್ಲಿ ಬರೆಯೋರಿಗೆ ಪುಸ್ತಕ ಸಿಗುತ್ತಾ?" ಹೀಗೆ ಕೇಳಬೇಕು. ಕೊನೇ ಪ್ರಶ್ನೆ ಬಹಳ ಮುಖ್ಯ. ಮನಃಶಾಸ್ತ್ರಕ್ಕೆ ಕನ್ನಡದಲ್ಲಿ ಒಳ್ಳೆ ಪುಸ್ತಕ ಕಡಿಮೆ, ಇಂಗ್ಲಿಷ್ ಪುಸ್ತಕ ಬಿಡಿಸಿ ಹೇಳೋ ಮೇಷ್ಟ್ರು ಬೇಕು. ಇತಿಹಾಸ ವಿಭಾಗದವರು ಬೇಲೂರು, ಹಳೇಬೀಡಿಗೆ ಕರ್ಕೊಂಡು ಹೋಗ್ತಾರಾ ಅಂತಲೂ ಕೇಳಲಿ. 2023ರಲ್ಲಿ ಹೊಯ್ಸಳ ದೇವಾಲಯಗಳು ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ, ಹಲ್ಮಿಡಿ ಇರೋದೂ ಬೇಲೂರು ತಾಲ್ಲೂಕಿನಲ್ಲೇ. ಎಲ್ಲ ಹತ್ತಿರ. ಇಷ್ಟಿದ್ದೂ ಮೂರು ವರ್ಷದಲ್ಲಿ ಒಮ್ಮೆಯೂ ಹೊರಗೆ ಕರ್ಕೊಂಡು ಹೋಗದ ವಿಭಾಗದಲ್ಲಿ ಉತ್ಸಾಹ ಇಲ್ಲ.

ಸಣ್ಣ ಕಾಲೇಜಿನ ಇನ್ನೊಂದು ಮುಖವೂ ತಿಳಿದಿರಲಿ. ತರಗತಿಯಲ್ಲಿ ಹದಿನೈದು ಇಪ್ಪತ್ತು ಜನ ಇದ್ದರೆ ಪ್ರಶ್ನೆ ಕೇಳೋಕೆ ಹೆದರಿಕೆ ಇಲ್ಲ, ಬರೆದದ್ದನ್ನ ಮೇಷ್ಟ್ರು ಓದ್ತಾರೆ. ಆದರೆ ಒಂದು ವಿಷಯಕ್ಕೆ ಒಬ್ಬರೇ ಮೇಷ್ಟ್ರು. ಅವರು ಸರಿ ಇಲ್ಲದಿದ್ದರೆ ಮೂರು ವರ್ಷವೂ ಅವರೇ. ಅದಕ್ಕೆ ಆ ಒಬ್ಬರನ್ನ ಭೇಟಿ ಮಾಡದೆ ವಾಪಸ್ ಬರಬೇಡಿ. ಸಿಲಬಸ್‌ನಲ್ಲಿ ಯಾವುದಾದರೂ ಒಂದು ಪಾಠದ ಹೆಸರು ಹೇಳಿ ಇದೇನು ಅಂತ ಮಗಳು ಕೇಳಲಿ. ಎರಡು ನಿಮಿಷ ಕೂರಿಸಿ ಹೇಳಿಕೊಡೋರು, "ಸೇರಿದ ಮೇಲೆ ಗೊತ್ತಾಗುತ್ತೆ ಹೋಗಮ್ಮ" ಅನ್ನೋರು, ಇಬ್ಬರ ವ್ಯತ್ಯಾಸ ಅಲ್ಲೇ ಕಾಣುತ್ತೆ.

ಮೂರನೇ ಪೀರಿಯಡ್

ಎಚ್‌ಇಪಿ ಹೇಳಿದ ಕೊನೇ ಮಾತು ನನ್ನ ವೇಳಾಪಟ್ಟಿ ಲೆಕ್ಕಕ್ಕಿಂತ ಮೇಲು, ಒಪ್ಪಿದೆ.

ಓಡಾಟದ ಬಗ್ಗೆ ಒಂದು ಮಾತು. ಹಾಸನದ ಎರಡು ಕಾಲೇಜನ್ನ ಅಕ್ಕಪಕ್ಕದ ದಿನ ನೋಡಿ, ಚಿಕ್ಕಮಗಳೂರಿಗೆ ಬೇರೆ ದಿನ ಇಟ್ಟುಕೊಳ್ಳಿ. ಹಾಸನದಿಂದ ಬೇಲೂರು ಮೇಲೆ ಹೋಗೋ ದಾರಿ 60 ಕಿ.ಮೀ. ದಾಟುತ್ತೆ, ಒಂದೇ ದಿನ ಎರಡೂ ಊರು ಅಂದರೆ ಬೆಳಗಿನ ತರಗತಿ ನೋಡೋದು ತಪ್ಪಿಹೋಗುತ್ತೆ. ಮಗಳು ದಿನಾ ಹೋಗಿಬರೋ ಯೋಚನೆ ಇರೋದು ಹಾಸನದ ಕಾಲೇಜಿಗಾದರೆ, ನೋಡೋಕೆ ಹೋಗೋ ದಿನವೂ ಅವಳು ಹತ್ತಬೇಕಾದ ಬಸ್ಸಿನಲ್ಲೇ ಹೋಗಿ, ಸಂಜೆ ಕಾಲೇಜು ಬಿಟ್ಟ ಮೇಲೆ ಸಿಗೋ ಬಸ್ಸಿನಲ್ಲೇ ಬನ್ನಿ. ಕಾರಿನಲ್ಲಿ ಹೋದರೆ ಬಸ್ ನಿಲ್ದಾಣದಿಂದ ಕಾಲೇಜು ಎಷ್ಟು ನಡಿಗೆ, ಆ ದಾರಿಯಲ್ಲಿ ಬೀದಿದೀಪ ಇದೆಯಾ ಅನ್ನೋದು ಗೊತ್ತಾಗಲ್ಲ. ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿಗೆ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ಆಧಾರ್‌ನಂಥ ಗುರುತಿನ ಚೀಟಿ ಇದ್ದರೆ ಸಾಕು. ಆದರೆ ಚಿಕ್ಕಮಗಳೂರು ಸುತ್ತಮುತ್ತ ಖಾಸಗಿ ಬಸ್ಸು ಜಾಸ್ತಿ, ಅದಕ್ಕೆ ಶಕ್ತಿ ಅನ್ವಯಿಸಲ್ಲ. ರಜೆಗೆ ಊರಿಗೆ ಬರೋ ಖರ್ಚಿನಲ್ಲಿ ಅದನ್ನೂ ಸೇರಿಸಿಕೊಳ್ಳಿ.